ಚೆನ್ನೆಮಣೆಯೂ ಗಣಕಯಂತ್ರವೂ

ಮಳೆಗಾಲದಲ್ಲಿ ನಮ್ಮ ಕಳಸದ ಸೀಮೆಯನ್ನು ಕಂಡವರಿಗೆ, ಮನೆಯೊಳಗೆ ಹೊತ್ತು ಕಳೆಯುವುದೆಂದರೇನೆಂಬುದನ್ನು ವಿವರಿಸಿ ಹೇಳಬೇಕಾದುದಿಲ್ಲ. ಆಷಾಢ ಹಿಡಿಯಿತೆಂದರೆ ಹಗಲಿನಲ್ಲಿಯೇ ದೀಪ ಬೇಕು. ದೀಪವಾದರೋ, ಗಾಳಿಗೆ ತಂತಿಯ ಮೇಲೆ ಒಂದು ಮರ ಉರುಳಿದರೆ ಮೂರು ದಿನ ಬರುವುದಿಲ್ಲ. ಹೊರಗೆ ಭದ್ರೆ ಕೆಂಪಾಗಿ ತುಂಬಿ ಹರಿಯುತ್ತಿರುವಳು. ಒಳಗೆ ನಾವು ಒಲೆಯ ಸುತ್ತ ಕುಳಿತು ಒಬ್ಬರ ಮುಖವನ್ನೊಬ್ಬರು ನೋಡುತ್ತಿರುವೆವು. ಹೋದ ವರ್ಷ ಇಂಥದೊಂದು ಸಂಜೆ ನಮ್ಮ ಮನೆಯ ಹುಡುಗನು ತಲೆಯೆತ್ತದೆಯೇ ನಮಗೆ ಒಂದು ಮಾತು ಹೇಳಿದನು: “ದೊಡ್ಡಪ್ಪ, ನಾನು ಆಟ ಆಡುತ್ತಾ ಕೂತಿರಲಿಲ್ಲ. ಆಟವನ್ನು ಮಾಡುವುದು ಹೇಗೆ ಅಂತ ನೋಡುತ್ತಿದ್ದೆ.” ಆ ಹೊತ್ತಿಗೆ ಅವನ ಮೊಬೈಲು ನಮ್ಮ ಬೀರುವಿನಲ್ಲಿ ಬೀಗದೊಳಗಿದ್ದು ಹನ್ನೆರಡು ದಿನಗಳಾಗಿದ್ದವು.

ಹುಡುಗನು ನಮ್ಮ ತಮ್ಮನ ಮಗನು. ತಮ್ಮನು ಇಲ್ಲವಾದ ಮೇಲೆ ಅವನೂ ಅವನ ತಾಯಿಯೂ ನಮ್ಮೊಡನೆಯೇ ಇರುವರು. ತೋಟವೆಂಬುದು ಹೆಸರಿಗೆ ದೊಡ್ಡದು. ೨೦೧೯ರ ಆಗಸ್ಟ್ ತಿಂಗಳ ಮಳೆಯಲ್ಲಿ ಮೂಡಿಗೆರೆ, ಕಳಸದ ಕಡೆ ಗುಡ್ಡಗಳು ಜರಿದಾಗ ನಮ್ಮ ಇಳಿಜಾರಿನ ಕಾಫಿಯೂ ಗಿಡ ಸಹಿತ ಕೆಳಗಿಳಿದು ಹೋಯಿತು. ಮರುವರ್ಷ, ೨೦೨೦ರಲ್ಲಿ, ಶಾಲೆಗಳು ಮುಚ್ಚಿದವು. ಮಲೆನಾಡಿನ ಮಕ್ಕಳು ಪಾಠ ಕೇಳುವುದಕ್ಕಾಗಿ ನೆಟ್‌ವರ್ಕು ಹುಡುಕಿಕೊಂಡು ಗುಡ್ಡ ಹತ್ತಿದ ಕಾಲವದು. ನಮ್ಮ ಹುಡುಗನಿಗೆ ಮೊಬೈಲು ಕೊಡಿಸಿದ್ದೂ ಆಗಲೇ. ಆ ಬಗೆಯ ಪಾಠ ಮುಗಿಯಿತು. ಮೊಬೈಲು ಕೈಯಲ್ಲಿ ಉಳಿಯಿತು. ಪಿ.ಯು.ಸಿ.ಯ ಮೊದಲನೆಯ ವರ್ಷದಲ್ಲಿ ಅಂಕಗಳು ಕುಗ್ಗಿದುದನ್ನು ಕಂಡು, ತಂದೆಯಿಲ್ಲದ ಮಗು ದಾರಿ ತಪ್ಪಿದರೆ ಲೋಕವು ನಮ್ಮನ್ನು ಕೇಳುವುದೆಂಬ ಭಯದಿಂದ, ವಿಚಾರಿಸದೆಯೇ ಅದನ್ನು ಕಸಿದು ಬೀಗ ಹಾಕಿದೆವು. ವಿಚಾರಿಸದೆ ಮಾಡಿದ್ದು ತಪ್ಪು. ಅದನ್ನು ಮೊದಲೇ ಒಪ್ಪಿಕೊಳ್ಳುವೆವು.

ಆ ತಪ್ಪನ್ನು ತಿದ್ದಿಕೊಳ್ಳುವ ಆತುರದಲ್ಲಿ ಎರಡನೆಯದೊಂದನ್ನು ಮಾಡಿದೆವು. ಆಟಗಳನ್ನು ರಚಿಸುವ ವಿದ್ಯೆಯನ್ನು ಆರು ತಿಂಗಳಲ್ಲಿ ಕಲಿಸಿಕೊಡುವೆವೆಂದು ಅಂತರ್ಜಾಲದಲ್ಲಿ ಜಾಹೀರಾತು ಕೊಟ್ಟಿದ್ದ ಒಂದು ಸಂಸ್ಥೆಯವರು ದಿನಕ್ಕೆರಡು ಬಾರಿ ಫೋನು ಮಾಡಿ, ನೌಕರಿಯ ಆಸೆಯನ್ನೂ ತೋರಿಸಿ, ೪೦,೦೦೦ ರೂಪಾಯಿ ಮುಂಗಡ ಕೇಳಿದರು. ಕಾಫಿಯ ಕೊಯ್ಲು ಇನ್ನೂ ನಾಲ್ಕು ತಿಂಗಳು ದೂರವಿದ್ದಿತು. ಹುಡುಗನ ತಾಯಿ ತನ್ನ ಎರಡು ಬಳೆಗಳನ್ನು ತಂದು ನಮ್ಮ ಮುಂದಿಟ್ಟಳು. ಅವನ್ನು ಅಡವಿಟ್ಟು ಹಣ ಕಟ್ಟಿದೆವು. ಬಂದದ್ದೇನು? ಯಾರೋ ಅವಸರದ ಇಂಗ್ಲಿಷಿನಲ್ಲಿ ಮಾತನಾಡುತ್ತಾ, ತೆರೆಯ ಮೇಲೆ ಇಲ್ಲಿ ಒತ್ತಿ ಅಲ್ಲಿ ಒತ್ತಿ ತೋರಿಸುವ ವೀಡಿಯೋಗಳು. ಅವು ನಮ್ಮ ನೆಟ್‌ವರ್ಕಿನಲ್ಲಿ ನಿಮಿಷಕ್ಕೊಮ್ಮೆ ನಿಂತುಬಿಡುವವು. ಪ್ರಶ್ನೆ ಬರೆದು ಕಳುಹಿಸಿದರೆ ಉತ್ತರವಿಲ್ಲ. ಎರಡು ತಿಂಗಳಾದ ಮೇಲೆ ಹುಡುಗನು ಅವನ್ನು ನೋಡುವುದನ್ನು ಬಿಟ್ಟನು. ಮನೆಯಲ್ಲಿ ಮಾತನಾಡುವುದನ್ನೂ ಬಿಟ್ಟನು. ತನ್ನಿಂದ ತಾಯಿಯ ಬಳೆ ಹೋಯಿತೆಂಬ ಕೊರಗು ಅವನದು. ಆಕೆ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಹಗುರವಾಗುತ್ತಿತ್ತು.

ಆಮೇಲೆ ನಾವೇ ಹುಡುಕಲು ಹೊರಟೆವು. ನಮಗೆ ಬರುವ ವಿದ್ಯೆಯೆಂದರೆ ಕನ್ನಡ ಬರೆಯುವುದು, ಇಂಗ್ಲಿಷನ್ನು ನಿಧಾನವಾಗಿ ಓದುವುದು, ತೋಟದ ಲೆಕ್ಕವನ್ನು ತಪ್ಪಿಲ್ಲದೆ ಇಡುವುದು, ಇಷ್ಟೇ. ಚಿಕ್ಕಮಗಳೂರಿನ ಪುಸ್ತಕದಂಗಡಿಗಳಲ್ಲಿ ಕೇಳಿದೆವು; ಪರೀಕ್ಷೆಗೆ ಬೇಕಾದ ಪುಸ್ತಕಗಳು ರಾಶಿಯಾಗಿದ್ದವು, ಇದಕ್ಕೆ ಬೇಕಾದುದು ಇರಲಿಲ್ಲ. ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ಸಾಲಿನಲ್ಲಿ ಬಗ್ಗಿ ಬಗ್ಗಿ ನೋಡಿ, ಇಟ್ಟಿಗೆಯಂತಹ ಒಂದು ಗ್ರಂಥವನ್ನು ಹೊತ್ತು ತಂದೆವು. ಅದು ಒಂದು ಗೇಮ್ ಎಂಜಿನನ್ನು ಕುರಿತದ್ದು. ಆಟದ ಚಿತ್ರ, ಶಬ್ದ, ಚಲನೆಗಳ ಕೆಲಸವನ್ನೆಲ್ಲ ಒಂದೆಡೆ ನಡೆಸಿಕೊಡುವ ಸಿದ್ಧ ಸಲಕರಣೆಗೆ ಗೇಮ್ ಎಂಜಿನ್ ಎಂದು ಹೆಸರು. ಪುಸ್ತಕವು ಬಲಗಡೆ ಇದೆಯೆಂದು ಹೇಳಿದ ಗುಂಡಿ ತೆರೆಯ ಬಲಗಡೆಯಲ್ಲಿರಲಿಲ್ಲ, ಎಡಗಡೆಯಲ್ಲಿಯೂ ಇರಲಿಲ್ಲ. ಪುಸ್ತಕ ಅಚ್ಚಾದ ಮೇಲೆ ಆ ಸಲಕರಣೆ ಎಷ್ಟೋ ಬಾರಿ ರೂಪ ಬದಲಾಯಿಸಿದ್ದಿತು. ಗುಂಡಿಗಳ ಜಾಗವನ್ನು ಹೇಳುವ ಪುಸ್ತಕ ಬೇಗ ಹಳತಾಗುವುದು, ಆಲೋಚನೆಯ ಕ್ರಮವನ್ನು ಹೇಳುವ ಪುಸ್ತಕ ಬಹುಕಾಲ ಬಾಳುವುದು ಎಂಬ ಪಾಠವನ್ನು ಹಾಗೆ ಕಲಿತೆವು.

ದೀಪಾವಳಿಗೆ ನೆರೆಯ ತೋಟದವರ ಮಗಳು ಊರಿಗೆ ಬಂದಿದ್ದಳು. ಆಕೆ ಬೆಂಗಳೂರಿನಲ್ಲಿ ಗಣಕಯಂತ್ರದ ಕೆಲಸದಲ್ಲಿರುವವಳು. ನಮ್ಮ ಕಥೆಯನ್ನೆಲ್ಲ ಕೇಳಿದ ಮೇಲೆ ಅವಳು, “ಮಾವ, ಇಷ್ಟು ದಿನದಲ್ಲಿ ಅವನು ಒಂದು ಚಿಕ್ಕ ಆಟವನ್ನಾದರೂ ಪೂರ್ತಿ ಮಾಡಿದ್ದಾನಾ?” ಎಂದು ಕೇಳಿದಳು. ಇಲ್ಲವೆಂದೆವು. “ಹಾಗಾದರೆ ಎಂಜಿನ್ನು, ಬಣ್ಣ, ಯುದ್ಧ ಎಲ್ಲಾ ಆಮೇಲೆ. ಮೊದಲು ಒಂದು ಭಾಷೆ, ಒಂದು ಪುಸ್ತಕ. ಅದು ಮುಗಿಯುವವರೆಗೆ ಇನ್ನೊಂದನ್ನು ತೆರೆಯಬಾರದು” ಎಂದು ಹೇಳಿ, ಒಂದು ಹಾಳೆಯಲ್ಲಿ ನಾಲ್ಕು ಹೆಸರುಗಳನ್ನು ಬರೆದುಕೊಟ್ಟಳು. ತಾನು ಬಳಸದೆ ಬಿಟ್ಟಿದ್ದ ಹಳೆಯ ಲ್ಯಾಪ್‌ಟಾಪನ್ನೂ ಕೊಟ್ಟು ಹೋದಳು. ನಮ್ಮಂತೆಯೇ ಹುಡುಕುತ್ತಿರುವ ಗೃಹಸ್ಥರಿಗೆ ಪ್ರಯೋಜನವಾದೀತೆಂದು ಆ ಹಾಳೆಯ ಸಾರವನ್ನು ಇಲ್ಲಿ ಕೊಡುವೆವು.

ಭಾಷೆ ಪೈಥಾನ್. ಹಾಲೆಂಡಿನ ಗೀಡೊ ವಾನ್ ರೋಸಮ್ ಎಂಬವರು ೧೯೯೧ರಲ್ಲಿ ಲೋಕಕ್ಕೆ ಬಿಟ್ಟ ಇದನ್ನು ಯಾರು ಬೇಕಾದರೂ ಹಣ ಕೊಡದೆ ಇಳಿಸಿಕೊಳ್ಳಬಹುದು. ಒಮ್ಮೆ ಇಳಿಸಿಕೊಂಡ ಮೇಲೆ ನೆಟ್‌ವರ್ಕಿನ ಹಂಗಿಲ್ಲ. ಮೊದಲನೆಯ ಪುಸ್ತಕ ಆಲ್ ಸ್ವೈಗಾರ್ಟ್ ಎಂಬವರ ‘ಇನ್ವೆಂಟ್ ಯುವರ್ ಓನ್ ಕಂಪ್ಯೂಟರ್ ಗೇಮ್ಸ್ ವಿತ್ ಪೈಥಾನ್’. ಗ್ರಂಥಕರ್ತರೇ ಇದನ್ನು ಅಂತರ್ಜಾಲದಲ್ಲಿ ಪೂರ್ತಿಯಾಗಿ, ಉಚಿತವಾಗಿ ಓದಲು ಇಟ್ಟಿರುವರು. ವ್ಯಾಪಾರಕ್ಕಲ್ಲದೆ ಪ್ರತಿ ಮಾಡಿಕೊಳ್ಳಲೂ ಅನುಮತಿಯುಂಟು. ಮನಸ್ಸಿನಲ್ಲಿಟ್ಟುಕೊಂಡ ಸಂಖ್ಯೆಯನ್ನು ಊಹಿಸುವ ಆಟದಿಂದ ತೊಡಗಿ, ಪದ ಕಂಡುಹಿಡಿಯುವ ಆಟ, ಸೊನ್ನೆ–ಕತ್ತರಿಯ ಆಟ ಎಂದು ಒಂದೊಂದೇ ಮೆಟ್ಟಿಲಾಗಿ ಅದು ಮೇಲಕ್ಕೆ ಒಯ್ಯುವುದು. ಕಟ್ಟಕಡೆಗೆ ಪೈಗೇಮ್ ಎಂಬ ಉಪಕರಣದಿಂದ ಚಿತ್ರ, ಶಬ್ದಗಳ ಆಟ. ಇದು ಮುಗಿದ ಮೇಲೆ ಬೇಕಾದವರಿಗೆ ಗೊಡೋ ಎಂಬ ಗೇಮ್ ಎಂಜಿನ್: ಅರ್ಜೆಂಟೀನಾ ದೇಶದ ಇಬ್ಬರು ಕಟ್ಟಿ, ೨೦೧೪ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟುದು. ಇದರ ಕೈಪಿಡಿಯನ್ನೂ ಇಳಿಸಿಕೊಂಡು ನೆಟ್‌ವರ್ಕಿಲ್ಲದ ದಿನ ಓದಬಹುದು. ಅದಕ್ಕೂ ಮುಂದೆ ರಾಬರ್ಟ್ ನಿಸ್ಟ್ರಮ್ ಎಂಬವರು ೨೦೧೪ರಲ್ಲಿ ಪ್ರಕಟಿಸಿದ ‘ಗೇಮ್ ಪ್ರೋಗ್ರಾಮಿಂಗ್ ಪ್ಯಾಟರ್ನ್ಸ್’. ಇದನ್ನೂ ಅಂತರ್ಜಾಲದಲ್ಲಿ ಹಣವಿಲ್ಲದೆ ಓದಬಹುದು. ನಲವತ್ತು ಸಾವಿರ ಕಟ್ಟಿದವರಿಗೆ ಈ ನಾಲ್ಕೂ ಧರ್ಮಕ್ಕೆ ದೊರೆಯುವವೆಂದು ತಿಳಿದಾಗ ಆದ ಮನಸ್ಸಿನ ಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಬಹುದು.

ಸ್ವೈಗಾರ್ಟರ ಪುಸ್ತಕವನ್ನು ಮೂಡಿಗೆರೆಯ ಜೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿ, ದಾರ ಕಟ್ಟಿ ತಂದೆವು. ವಿದ್ಯುತ್ತು ಹೋದರೂ ಕಾಗದ ಇರುವುದಲ್ಲವೆ! ಹುಡುಗನು ಅದರಲ್ಲಿದ್ದ ಪ್ರೋಗ್ರಾಂಗಳನ್ನು ಸಾಲು ಸಾಲಾಗಿ ನೋಡಿ ತನ್ನ ಕೈಯಿಂದಲೇ ಟೈಪು ಮಾಡಬೇಕೆಂಬುದು ನೆರೆಯವಳ ಕಟ್ಟಳೆ. ಇದು ಹೊಸ ಪದ್ಧತಿಯಲ್ಲ. ೧೯೬೪ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಬೇಸಿಕ್ ಎಂಬ ಸುಲಭ ಭಾಷೆ ಹುಟ್ಟಿದ ಮೇಲೆ, ೧೯೭೩ರಲ್ಲಿ ಡೇವಿಡ್ ಆಲ್ ಎಂಬವರು ೧೦೧ ಆಟಗಳ ಪ್ರೋಗ್ರಾಂಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದರು. ಒಂದು ತಲೆಮಾರಿನ ಹುಡುಗರು ಇಂಥ ಪುಸ್ತಕಗಳನ್ನೂ ಮಾಸಪತ್ರಿಕೆಗಳನ್ನೂ ಮುಂದಿಟ್ಟುಕೊಂಡು, ನೋಡಿ ನೋಡಿ ಟೈಪು ಮಾಡಿಯೇ ಕಲಿತರು. ನಮ್ಮ ಕಾಲದಲ್ಲಿ ಅಕ್ಷರ ತಿದ್ದಿದ್ದೂ ಹೀಗೆಯೇ ತಾನೆ?

ಆದರೆ ಪುಸ್ತಕ ಇಂಗ್ಲಿಷಿನದು. ಹುಡುಗನು ಹತ್ತನೆಯ ತರಗತಿಯವರೆಗೆ ಓದಿದುದು ಕನ್ನಡದಲ್ಲಿ. ಮೊದಲ ವಾರದಲ್ಲಿಯೇ ಅವನು ಪುಸ್ತಕವನ್ನು ಮುಚ್ಚಿಟ್ಟು ಹಳೆಯ ಮೌನಕ್ಕೆ ಹಿಂದಿರುಗುವ ಲಕ್ಷಣ ಕಾಣಿಸಿತು. ಆಗ ನಾವು ಅವನ ಪಕ್ಕದಲ್ಲಿ ಕುಳಿತೆವು. ರಾತ್ರಿ ಊಟವಾದ ಮೇಲೆ ದಿನಕ್ಕೆ ಎರಡು ಪುಟ. ನಮಗೆ ಇಂಗ್ಲಿಷು ಅಷ್ಟಿಷ್ಟು ತಿಳಿಯುವುದು, ವಿಷಯ ತಿಳಿಯದು. ಅವನಿಗೆ ವಿಷಯ ಹೊಳೆಯುವುದು, ಇಂಗ್ಲಿಷು ಎಡವುವುದು. ಇಬ್ಬರೂ ಸೇರಿ ಒಂದು ನೋಟು ಪುಸ್ತಕದಲ್ಲಿ ನಮ್ಮದೇ ಒಂದು ನಿಘಂಟನ್ನು ಬರೆಯತೊಡಗಿದೆವು. ವೇರಿಯಬಲ್ ಎಂದರೆ ಹೆಸರು ಬರೆದಿಟ್ಟ ಡಬ್ಬಿ. ಒಳಗಿನ ಪದಾರ್ಥ ಬದಲಾಗಬಹುದು, ಹೆಸರು ಬದಲಾಗದು. ಲಿಸ್ಟ್ ಎಂದರೆ ಆಳುಗಳ ಹಾಜರಿ ಪಟ್ಟಿ. ಲೂಪ್ ಎಂದರೆ ಗಾಣದೆತ್ತಿನ ಸುತ್ತು. ಫಂಕ್ಷನ್ ಎಂದರೇನೆಂಬುದು ಎರಡು ರಾತ್ರಿ ಬಗೆಹರಿಯಲಿಲ್ಲ. ಮೂರನೆಯ ರಾತ್ರಿ ಹುಡುಗನೇ, “ದೊಡ್ಡಪ್ಪ, ನೀವು ಆಳುಗಳಿಗೆ ‘ಮರಗಸಿ ಮಾಡಿ’ ಅಂತ ಒಂದೇ ಮಾತು ಹೇಳುತ್ತೀರಿ, ಏಣಿ ತರುವುದು, ಹತ್ತುವುದು, ಯಾವ ಕೊಂಬೆ ಕಡಿಯುವುದು ಎಲ್ಲಾ ಅದರೊಳಗೇ ಬಂತಲ್ಲ, ಹಾಗೆ” ಎಂದನು. ಎಷ್ಟೋ ತಿಂಗಳ ಮೇಲೆ ಅವನು ನಮ್ಮೊಡನೆ ತಾನಾಗಿ ಆಡಿದ ಉದ್ದವಾದ ಮಾತು ಅದು. ನಿಘಂಟಿನಲ್ಲಿ ಅದನ್ನು ಹಾಗೆಯೇ ಬರೆದುಕೊಂಡೆವು.

ಕನ್ನಡದಲ್ಲಿ ಏನೂ ಇಲ್ಲವೆಂದು ಹೇಳಿದರೆ ತಪ್ಪಾಗುವುದು. ಮಕ್ಕಳಿಗಾಗಿ ೧೯೬೭ರಲ್ಲಿ ಸೀಮೋರ್ ಪ್ಯಾಪರ್ಟ್ ಮೊದಲಾದವರು ರಚಿಸಿದ ಲೋಗೋ ಎಂಬ ಭಾಷೆಯನ್ನು ಡಾ. ಯು. ಬಿ. ಪವನಜರು ಕನ್ನಡಕ್ಕೆ ತಂದಿರುವರು. ತೆರೆಯ ಮೇಲಿನ ಆಮೆಗೆ ಕನ್ನಡದಲ್ಲಿಯೇ ಅಪ್ಪಣೆ ಕೊಟ್ಟು ಗೆರೆ ಎಳೆಸಬಹುದು. ಪೈಥಾನಿನೊಳಗೂ ಇಂತಹದೊಂದು ಆಮೆಯುಂಟು. ಚಿಕ್ಕ ಮಕ್ಕಳಿರುವ ಮನೆಯವರು ಅಲ್ಲಿಂದ ತೊಡಗಿದರೆ ಒಳ್ಳೆಯದು. ಮುಂಬಯಿಯ ಐ.ಐ.ಟಿ.ಯವರ ಸ್ಪೋಕನ್ ಟ್ಯುಟೋರಿಯಲ್ ಎಂಬ ಪಾಠಮಾಲೆಯಲ್ಲಿ ಕೆಲವಕ್ಕೆ ಕನ್ನಡದ ಧ್ವನಿಯಿದೆ. ಒಂದೊಂದು ಪಾಠವೂ ಚಿಕ್ಕದು. ಕೇಳುತ್ತಾ ನಿಲ್ಲಿಸುತ್ತಾ ಕೈಯಿಂದ ಮಾಡುವಂತೆ ಏರ್ಪಡಿಸಿದುದು. ನಾವು ಪೇಟೆಗೆ ಹೋದ ದಿನ ಬೇಕಾದುದನ್ನು ಇಳಿಸಿಕೊಂಡು ತರುತ್ತಿದ್ದೆವು, ಮನೆಗೆ ಉಪ್ಪು ಮೆಣಸು ತಂದಂತೆ.

ಕೊಯ್ಲು ಮುಗಿಯಿತು, ಬಳೆಗಳನ್ನು ಬಿಡಿಸಿಕೊಂಡು ಬಂದೆವು. ಮಾರ್ಚಿಯ ಮಳೆಗೆ ಕಾಫಿ ಹೂವಾಯಿತು. ಪುಸ್ತಕದ ಮುಕ್ಕಾಲು ಭಾಗ ಮುಗಿಯುವ ಹೊತ್ತಿಗೆ ಮತ್ತೆ ಆಷಾಢ ಬಂದಿತು. ಮಳೆ ಹಿಡಿದ ಕೂಡಲೆ ನಮ್ಮ ತಾಯಿಯವರು ರೂಢಿಯಂತೆ ಅಟ್ಟದಿಂದ ಚೆನ್ನೆಮಣೆಯನ್ನು ಇಳಿಸಿದರು. ಬಯಲುಸೀಮೆಯವರು ಇದನ್ನೇ ಅಳಗುಳಿಮಣೆ ಎನ್ನುವರು. ಎರಡು ಸಾಲು, ಸಾಲಿಗೆ ಏಳರಂತೆ ೧೪ ಗುಳಿ. ನಮ್ಮ ಮನೆಯ ಕ್ರಮದಲ್ಲಿ ಗುಳಿಗೆ ನಾಲ್ಕರಂತೆ ೫೬ ಬೀಜ. ಒಂದು ಗುಳಿಯನ್ನು ಬರಿದು ಮಾಡಿ, ಮುಂದಿನ ಗುಳಿಗಳಿಗೆ ಒಂದೊಂದು ಬೀಜ ಬಿಟ್ಟುಕೊಂಡು ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯನ್ನೆತ್ತಿ ಮುಂದುವರಿಯಬೇಕು. ಮುಂದಿನದು ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿರುವುದು ಆಡಿದವರಿಗೆ. ಅಲ್ಲಿಗೆ ಅವರ ಸರದಿ ಮುಗಿಯಿತು. ಹುಡುಗನು ಅಜ್ಜಿಯೊಡನೆ ಎರಡು ಆಟ ಸೋತು, ಮೂರನೆಯದನ್ನು ಅರ್ಧದಲ್ಲಿ ಬಿಟ್ಟು ಎದ್ದುಹೋಗಿ, ಲ್ಯಾಪ್‌ಟಾಪು ತೆರೆದು ಕುಳಿತನು. ಪುಸ್ತಕದಲ್ಲಿಲ್ಲದ ಆಟವನ್ನು ತಾನೇ ಮಾಡುವ ಯೋಚನೆ ಅವನಿಗೆ ಬಂದಿದ್ದಿತು.

೧೪ ಗುಳಿಗಳಿಗೆ ೧೪ ಸಂಖ್ಯೆಗಳ ಒಂದು ಪಟ್ಟಿ. ಪೈಥಾನಿನಲ್ಲಿ ಪಟ್ಟಿಯ ಎಣಿಕೆ ಸೊನ್ನೆಯಿಂದ ತೊಡಗುವುದೆಂದು ಅವನು ಹೇಳಿದಾಗ ನಮ್ಮ ತಾಯಿಯವರು, “ಮೊದಲನೆಯ ಗುಳಿಗೆ ಸೊನ್ನೆ ಅಂತಾರೇನೋ ಮಗು? ಗುಳಿ ಕಣ್ಣೆದುರಿಗೇ ಇದೆಯಲ್ಲ” ಎಂದರು. ಸೊನ್ನೆಯಿಂದ ೧೩ರವರೆಗೆ ಎಣಿಸಿದರೆ, ಕೊನೆಯ ಗುಳಿಯನ್ನು ದಾಟಿ ೧೪ ಬಂದಾಗ ಅದನ್ನು ೧೪ರಿಂದ ಭಾಗಿಸಿದ ಶೇಷ ಸೊನ್ನೆ. ಅಂದರೆ ತಾನಾಗಿಯೇ ಮೊದಲನೆಯ ಗುಳಿಗೆ ಬಂದೆವು ಎಂದು ಅವನು ವಿವರಿಸಿದನು. ಅಜ್ಜಿಗೆ ಒಪ್ಪಿಗೆಯಾಗಲಿಲ್ಲ, ನಮಗೆ ಮಾತ್ರ ಭಾಗಾಕಾರದ ಶೇಷಕ್ಕೆ ಇಷ್ಟು ಬೆಲೆಯುಂಟೆಂದು ಈ ವಯಸ್ಸಿನಲ್ಲಿ ತಿಳಿಯಿತು.

ಮೂರು ದಿನ ಬರೆದು ಆಟವನ್ನು ನಡೆಸಿ ನೋಡಿದನು. ಮೊದಲನೆಯ ಸರದಿಯೇ ಮುಗಿಯಲಿಲ್ಲ. ಸಂಖ್ಯೆಗಳು ತೆರೆಯ ಮೇಲೆ ಧಾರೆಯಾಗಿ ಸುರಿಯತೊಡಗಿದವು, ಯಂತ್ರವನ್ನೇ ನಿಲ್ಲಿಸಬೇಕಾಯಿತು. ಮತ್ತೆ ಎರಡು ದಿನ ನೋಡಿದರೂ ತಪ್ಪು ಸಿಕ್ಕಲಿಲ್ಲ. ಹುಡುಗನ ಮುಖದಲ್ಲಿ ಹೋದ ವರ್ಷದ ಕಳೆಯನ್ನು ಕಂಡು ನಮ್ಮ ಎದೆ ಕುಸಿಯಿತು. ಬೆಂಗಳೂರಿಗೆ ಕೇಳೋಣವೆಂದರೆ ನೆಟ್‌ವರ್ಕಿಲ್ಲ. ಕೊನೆಗೆ ಅವನು, ಪ್ರತಿಯೊಂದು ಗುಳಿಯನ್ನು ಎತ್ತಿ ಹಂಚಿದ ಮೇಲೂ ಯಂತ್ರ ನಿಲ್ಲುವಂತೆ ಮಾಡಿ, ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ತೆರೆಯ ಮೇಲಿಟ್ಟು, “ಅಜ್ಜಿ, ಎಲ್ಲಿ ತಪ್ಪಿದೆ ನೀವೇ ನೋಡಿ” ಎಂದನು. ನಮ್ಮ ತಾಯಿಯವರು ಕನ್ನಡಕ ಹಾಕಿಕೊಂಡು, ಬೆರಳು ಮಡಿಸಿ ಎಣಿಸಿ, “ಐವತ್ತಾರು ಇರಬೇಕು. ಅರವತ್ತು ಆಗಿ ಹೋಗಿದೆ. ಈ ನಾಲ್ಕು ಬೀಜ ಎಲ್ಲಿಂದ ತಂದೆಯೋ?” ಎಂದರು.

ಹುಡುಗನು ಒಂದು ಕ್ಷಣ ಸುಮ್ಮನಿದ್ದು, ಗಟ್ಟಿಯಾಗಿ ನಕ್ಕುಬಿಟ್ಟನು. ಗುಳಿಯಲ್ಲಿದ್ದ ಬೀಜಗಳ ಸಂಖ್ಯೆಯನ್ನು ‘ಕೈ’ ಎಂಬ ಡಬ್ಬಿಗೆ ಬರೆದುಕೊಂಡಿದ್ದನೇ ಹೊರತು, ಗುಳಿಯನ್ನು ಸೊನ್ನೆ ಮಾಡುವುದನ್ನು ಮರೆತಿದ್ದನು. ಎತ್ತಿದ ಬೀಜ ಕೈಯಲ್ಲಿಯೂ ಉಂಟು, ಗುಳಿಯಲ್ಲಿಯೂ ಉಂಟು! ಗುಳಿ ಬರಿದಾಗುವುದೇ ಇಲ್ಲ. ಬರಿದಾಗದೆ ಸರದಿ ಮುಗಿಯುವುದೂ ಇಲ್ಲ. ಒಂದು ಸಾಲು ಸೇರಿಸಿದೊಡನೆ ಎಲ್ಲವೂ ಸರಿಹೋಯಿತು. ಮಣೆಯ ಮೇಲಿನದೂ ಗೆದ್ದುಕೊಂಡದ್ದೂ ಸೇರಿ ಯಾವಾಗಲೂ ೫೬ ಆಗಲೇಬೇಕೆಂದು, ಆಗದಿದ್ದರೆ ಯಂತ್ರ ಕೂಡಲೇ ನಿಂತು ದೂರು ಹೇಳಬೇಕೆಂದು ಇನ್ನೊಂದು ಸಾಲನ್ನೂ ಬರೆದನು. ಇದಕ್ಕೆ ಪೈಥಾನಿನಲ್ಲಿ ಅಸರ್ಟ್ ಎಂಬ ಮಾತುಂಟು. ಸಂಜೆ ಕಣದಲ್ಲಿ ಆಳುಗಳು ಒಬ್ಬೊಬ್ಬರಾಗಿ ತೂಗಿಸಿದ ಹಣ್ಣಿನ ಲೆಕ್ಕಕ್ಕೂ ಒಟ್ಟು ರಾಶಿಗೂ ತಾಳೆ ನೋಡುವುದನ್ನು ಅವನು ಚಿಕ್ಕಂದಿನಿಂದ ಕಂಡಿದ್ದನು. ಅದೇ ಇದೆಂದು ನಮಗೆ ತೋರಿತು. ನಿಘಂಟಿನಲ್ಲಿ ಅಸರ್ಟ್ ಎಂಬುದರ ಎದುರಿಗೆ ‘ಅಜ್ಜಿಯ ಎಣಿಕೆ’ ಎಂದು ಅವನು ಬರೆದಿರುವನು.

ಮಣೆಯಾಟವನ್ನು ಬುದ್ಧಿಯ ಕೆಲಸವೆಂದು ಬಗೆದವರು ನಮ್ಮ ನಾಡಿನಲ್ಲಿ ಹಿಂದೆಯೂ ಇದ್ದರು. ೧೮೬೮ರಲ್ಲಿ ಕಾಲವಾದ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನು ಕಲ್ಪಿಸಿದುದಲ್ಲದೆ, ಚದುರಂಗದ ಕುದುರೆ ೬೪ ಮನೆಗಳಲ್ಲಿಯೂ ಒಂದೊಂದೇ ಬಾರಿ ಕಾಲಿಟ್ಟು ಬರುವ ನಡೆಗಳನ್ನು ರಚಿಸಿದರು. ಈ ಕುದುರೆಯ ನಡೆ ಇಂದಿಗೂ ಪ್ರೋಗ್ರಾಂ ಕಲಿಯುವವರಿಗೆ ಕೊಡುವ ಅಭ್ಯಾಸಗಳಲ್ಲಿ ಒಂದೆಂದು ತಿಳಿದಾಗ, ಹುಡುಗನಿಗೆ ‘ಹಾಳು ಆಟ’ ಎಂದು ಗದರಿದುದಕ್ಕೆ ನಾಚಿಕೆಯಾಯಿತು. ಹಾಗೆಂದು ಎಲ್ಲ ಆಟವೂ ವಿದ್ಯೆಯಲ್ಲ; ಬೆಳಗಿನವರೆಗೆ ಮೊಬೈಲು ಒತ್ತುತ್ತಿರುವುದನ್ನು ನಾವು ಈಗಲೂ ಒಪ್ಪುವುದಿಲ್ಲ. ಆದರೆ ಆಡುವ ಹುಡುಗನನ್ನೂ ಮಾಡುವ ಹುಡುಗನನ್ನೂ ಹೊರಗಿನಿಂದ ನೋಡಿ ಬೇರೆ ಮಾಡಲಾಗದು. ಪಕ್ಕದಲ್ಲಿ ಕುಳಿತು ನೋಡಬೇಕು.

ಈ ವಿದ್ಯೆ ಅವನಿಗೆ ಅನ್ನ ಕೊಡುವುದೋ ಇಲ್ಲವೋ ನಾವು ಅರಿಯೆವು. ಆಟಗಳನ್ನು ರಚಿಸುವ ಉದ್ಯಮಕ್ಕಾಗಿ ನಮ್ಮ ಸರ್ಕಾರವು ೨೦೧೨ರಲ್ಲಿ ಒಂದು ನೀತಿಯನ್ನೂ, ೨೦೨೪ರಲ್ಲಿ ಮುಂದಿನ ಐದು ವರ್ಷಗಳಿಗೆ ಇನ್ನೊಂದನ್ನೂ ಹೊರಡಿಸಿತು, ಕೆಲಸವಿರುವುದು ಬೆಂಗಳೂರಿನಲ್ಲಿ. ಅವನು ಚೆನ್ನಾಗಿ ಕಲಿತರೆ ಗುಡ್ಡವಿಳಿದು ಹೋಗುವನು; ಕಲಿಯದಿದ್ದರೆ ಜರಿದ ತೋಟವನ್ನು ನೋಡುತ್ತಾ ಇಲ್ಲಿಯೇ ಉಳಿಯುವನು. ಎರಡರಲ್ಲಿ ಯಾವುದನ್ನು ಬೇಡಿಕೊಳ್ಳಬೇಕೆಂಬುದು ನಮಗೂ ಅವನ ತಾಯಿಗೂ ಇನ್ನೂ ತೀರ್ಮಾನವಾಗಿಲ್ಲ.

ಸದ್ಯಕ್ಕೆ ಚೆನ್ನೆಮಣೆ ಪೈಗೇಮಿನ ಹಂತಕ್ಕೆ ಬಂದಿದೆ. ತೆರೆಯ ಮೇಲೆ ಮರದ ಬಣ್ಣದ ಮಣೆಯೂ ಕೆಂಪು ಬೀಜಗಳೂ ಮೂಡಿವೆ. ಎಲ್ಲ ಸರಿ, ಬೀಜ ಬೀಳುವ ಸದ್ದಿಲ್ಲವೆಂದು ನಮ್ಮ ತಾಯಿಯವರ ಆಕ್ಷೇಪಣೆ. ಮೊನ್ನೆ ಹುಡುಗನು ತನ್ನ ಮೊಬೈಲನ್ನು ನಿಜವಾದ ಮಣೆಯ ಪಕ್ಕದಲ್ಲಿಟ್ಟು, ಅಜ್ಜಿಯ ಕೈಯಿಂದಲೇ ಒಂದೊಂದಾಗಿ ಬೀಜ ಬಿಡಿಸಿ ಸದ್ದನ್ನು ಹಿಡಿದುಕೊಂಡನು. ಯಾರೂ ಮಾತನಾಡಕೂಡದೆಂದು ಅಪ್ಪಣೆಯಾಗಿದ್ದಿತು. ಅವನ ತಾಯಿ ಒಲೆಯ ಮುಂದೆ, ನಾವು ಬಾಗಿಲ ಬಳಿ ಉಸಿರು ಬಿಗಿಹಿಡಿದು ನಿಂತಿದ್ದೆವು. ಮಳೆಗೆ ಮಾತ್ರ ಯಾರೂ ಹೇಳಲಾಗಲಿಲ್ಲ. ಆಟದಲ್ಲಿ ಬೀಜ ಬಿದ್ದಾಗಲೆಲ್ಲ ಅದರ ಹಿಂದೆ ನಮ್ಮ ಹೆಂಚಿನ ಮೇಲೆ ಸುರಿಯುವ ಮಳೆಯೂ ಸಣ್ಣಗೆ ಕೇಳಿಸುವುದು. ತೆಗೆದುಹಾಕಬಹುದಂತೆ, ಬೇಡವೆಂದು ಅಜ್ಜಿ ಹೇಳಿರುವರು.